ಇಪ್ಪತ್ತು ಅಂಕದ ಕರುಣೆ

ನೀನು ಒಂದು ಊರಿನ ಸರಪಂಚ. ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಧ್ಯಾಹ್ನದ ಬಿಸಿಯೂಟ ನಡೆಯುತ್ತಿದೆ. ಹೆಡ್‌ಮಾಸ್ಟರು ಹೊಸದಾಗಿ ಅಡುಗೆಯವರೊಬ್ಬರನ್ನು ನೇಮಿಸಿದ್ದಾರೆ. ಅವರು ದಲಿತರು ಅಂತ ಗೊತ್ತಾದ ಕೂಡಲೇ ಮೇಲ್ಜಾತಿಯ ತಂದೆತಾಯಿಗಳು ಮಕ್ಕಳಿಗೆ ಉಣ್ಣಬೇಡಿ ಅಂದಿದ್ದಾರೆ. ಹೆಚ್ಚೂಕಡಿಮೆ ಅರ್ಧ ಮಕ್ಕಳು ಊಟ ಬಿಟ್ಟಿದ್ದಾರೆ, ಹಾಜರಿ ಬಿದ್ದುಹೋಗಿದೆ. ಹೀಗೇ ಆದರೆ ಊಟ ನಿಲ್ಲಬಹುದು, ಆಮೇಲೆ ಮೇಷ್ಟ್ರು ಹೋಗಬಹುದು, ಕಡೆಗೆ ಶಾಲೆಗೇ ಬೀಗ ಬೀಳಬಹುದು. ಈ ಸಂಘರ್ಷವನ್ನು ನಿವಾರಿಸಿ ಸರಿಯಾದ ವಾತಾವರಣ ಮೂಡಿಸಲು ಏನು ಉಪಾಯ ಮಾಡುತ್ತೀಯ?

ಇದು ನಾನು ಕಟ್ಟಿದ ಕಥೆಯಲ್ಲ. 2015ರ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಕೇಂದ್ರ ಲೋಕಸೇವಾ ಆಯೋಗ ಕೇಳಿದ ಪ್ರಶ್ನೆಯನ್ನು ನನ್ನ ಮಾತಿನಲ್ಲಿ ಹೇಳಿದ್ದೇನೆ, ಅಷ್ಟೆ. 2013ರಿಂದ ಈ ಪರೀಕ್ಷೆಗೆ ನೀತಿಯ ಪತ್ರಿಕೆ ಅಂತ ಒಂದು ಸೇರಿಕೊಂಡಿದೆ. 250 ಅಂಕ, ಮೂರು ಗಂಟೆ. ಅದರ ಅರ್ಧ ಭಾಗದಷ್ಟು ಇಂಥ ಕಥೆಗಳೇ. ನೀನು ಜಿಲ್ಲಾಧಿಕಾರಿ, ನೀನು ಎಂಜಿನಿಯರು, ನೀನು ಪೊಲೀಸ್ ಸಾಹೇಬ, ಈಗ ಹೇಳು, ಏನ್ಮಾಡ್ತೀಯ? ನಮ್ಮ ಕೆ.ಪಿ.ಎಸ್.ಸಿ.ಯೂ ಕೆ.ಎ.ಎಸ್. ಮುಖ್ಯ ಪರೀಕ್ಷೆಯಲ್ಲಿ ಇದೇ ಜಾಡು ಹಿಡಿದಿದೆ. ಧಾರವಾಡದ ಸಪ್ತಾಪುರದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದೊಂದು ಕೋಣೆಗೆ ನಾಲ್ಕು ಚಾಪೆ ಹಾಸಿಕೊಂಡು ಮಲಗುವ ಹುಡುಗರು ಬೆಳಗಾಗೆದ್ದು ಈ ಕಥೆಗಳಿಗೆ ಉತ್ತರ ಉರು ಹೊಡೆಯುತ್ತಾರೆ. ನೀತಿಯನ್ನೂ ಉರು ಹೊಡೆಯಬಹುದು ಅಂತ ನಮಗೆ ಗೊತ್ತಾದದ್ದು ಅಲ್ಲಿಗೆ ಬಂದ ಮೇಲೆಯೇ.

ಉತ್ತರಕ್ಕೆ ಒಂದು ಅಚ್ಚು ಇದೆ. ಎಲ್ಲ ಕಡೆಯೂ ಅದೇ ಅಚ್ಚು. ಮೊದಲು ಈ ವಿಷಯದಲ್ಲಿ ಯಾರ್ಯಾರ ಹಿತ ಅಡಗಿದೆ ಅಂತ ಪಟ್ಟಿ ಮಾಡಬೇಕು. ಮಕ್ಕಳು, ತಂದೆತಾಯಿಗಳು, ಹೆಡ್‌ಮಾಸ್ಟರು, ಪಂಚಾಯಿತಿ, ಸಮಾಜ, ಕಡೆಗೆ ಅಡುಗೆಯವಳು. (ಪ್ರಶ್ನೆಯಲ್ಲಿ ಅದು ಹೆಂಗಸೋ ಗಂಡಸೋ ಅಂತಲೂ ಇಲ್ಲ. ನಮ್ಮ ಶಾಲೆಗಳ ಒಲೆ ಮುಂದೆ ಕೂತು ಹೊಗೆ ಕುಡಿಯುವವರು ಯಾರು ಅಂತ ನಮಗೆ ಗೊತ್ತು.) ಆಮೇಲೆ ನಿನ್ನ ಮುಂದಿರುವ ದಾರಿಗಳನ್ನು ಒಂದೊಂದಾಗಿ ಬರೆಯಬೇಕು, ಒಂದೊಂದಕ್ಕೂ ಎರಡು ಕಲಮು, ಲಾಭ ಮತ್ತು ನಷ್ಟ. ಮೊದಲನೇ ದಾರಿ, ಅಡುಗೆಯವಳನ್ನು ತೆಗೆದುಹಾಕುವುದು. ಲಾಭ: ಹಾಜರಿ ಏರುತ್ತದೆ, ಊರು ತಣ್ಣಗಾಗುತ್ತದೆ, ಶಾಲೆ ಉಳಿಯುತ್ತದೆ. ನಷ್ಟ: ಸಂವಿಧಾನಕ್ಕೆ ವಿರುದ್ಧ.

ನೋಡಿದಿರಾ ಗೆಳೆಯರೆ, ಎಷ್ಟು ನಯವಾಗಿ ಬರೆಸುತ್ತಾರೆ! ಕೇರಿಯ ಹೆಣ್ಣುಮಗಳನ್ನು ಒಲೆಯ ಮುಂದಿನಿಂದ ಎಬ್ಬಿಸುವುದರಿಂದ ಆಗುವ ಲಾಭಗಳು ಅಂತ, ಕೇರಿಯ ಹುಡುಗನ ಕೈಯಲ್ಲೇ, ಅಂದವಾದ ಅಕ್ಷರದಲ್ಲಿ, ಅಡಿಗೆರೆ ಹಾಕಿಸಿ. ಬರೆಯದೆ ಹೋದರೆ 'ಎಲ್ಲ ಆಯಾಮಗಳನ್ನು ಪರಿಶೀಲಿಸಿಲ್ಲ' ಅಂತ ಅಂಕ ಹೋಗುತ್ತದೆ. ನಮ್ಮ ತಾತಂದಿರ ಹೆಬ್ಬೆಟ್ಟು ಒತ್ತಿಸಿಕೊಂಡು ಜೀತದ ಪತ್ರ ಬರೆಸುತ್ತಿದ್ದರು. ಅವರಿಗೆ ಅದರಲ್ಲಿ ಏನು ಬರೆದಿದೆ ಅಂತ ಓದಲು ಬರುತ್ತಿರಲಿಲ್ಲ. ನಮಗೆ ಬರುತ್ತದೆ, ವ್ಯತ್ಯಾಸ ಅಷ್ಟೆ.

ಆಮೇಲೆ ಬರುತ್ತದೆ ಮಾದರಿ ಉತ್ತರ. ನಾನು ತಂದೆತಾಯಿಗಳ ಸಭೆ ಕರೆಯುತ್ತೇನೆ. ಊರ ಹಿರಿಯರ ಮನ ಒಲಿಸುತ್ತೇನೆ. ಸ್ವಾಮೀಜಿಯವರನ್ನು ಕರೆಸಿ ನಾಲ್ಕು ಒಳ್ಳೇ ಮಾತು ಹೇಳಿಸುತ್ತೇನೆ. ಬೀದಿನಾಟಕ ಆಡಿಸುತ್ತೇನೆ. ಎಲ್ಲಕ್ಕಿಂತ ಮುಖ್ಯವಾಗಿ, ನಾನೇ ಶಾಲೆಗೆ ಹೋಗಿ ಮಕ್ಕಳ ಪಂಕ್ತಿಯಲ್ಲಿ ಕೂತು, ಆಕೆ ಬಡಿಸಿದ ಅನ್ನ ಉಂಡು ಮಾದರಿಯಾಗುತ್ತೇನೆ. ಇದ್ಯಾವುದೂ ಫಲಿಸದಿದ್ದರೆ ಕಟ್ಟಕಡೆಗೆ ಕಾನೂನು ಕ್ರಮ.

'ನಾನೇ ಉಂಡು ಮಾದರಿಯಾಗುತ್ತೇನೆ.' ಈ ಸಾಲಿನ ಹತ್ತಿರ ಬಂದಾಗ ನನ್ನ ಪೆನ್ನು ನಿಂತುಹೋಯಿತು. ಅಲ್ಲಾ ಸ್ವಾಮಿ, ನಾನು ಉಂಡರೆ ಯಾರಿಗೆ ಮಾದರಿ? ನಮ್ಮ ಚಿಕ್ಕವ್ವನಂಥವಳು ಮಾಡಿದ ಅನ್ನವನ್ನು ನಾನು ಉಂಡರೆ ಊರ ಗೌಡರು ಮೂಗಿನ ಮೇಲೆ ಬೆರಳಿಡುತ್ತಾರೆಯೇ? ಅವರ ಜನ, ಅವರ ಅನ್ನ, ಉಣ್ಣಲಿ ಬಿಡಿ ಅನ್ನುತ್ತಾರೆ. ಆ ಉತ್ತರಕ್ಕೆ ಬೆಲೆ ಬರಬೇಕಾದರೆ ಉಣ್ಣುವವನ ಮೈ ಮೇಲ್ಜಾತಿಯದಾಗಿರಬೇಕು. ಅಲ್ಲಿಗೆ ಆ 'ನೀನು' ಯಾರು ಅಂತ ಗೊತ್ತಾಯಿತಲ್ಲ? ಹೆಸರಿಲ್ಲ, ಊರಿಲ್ಲ, ಕುಲವಿಲ್ಲ ಅಂತ ತೋರಿಸಿಕೊಳ್ಳುವ ಆ 'ನೀನು' ಹುಟ್ಟಿದ್ದು ಊರೊಳಗೆ, ಕೇರಿಯಲ್ಲಿ ಅಲ್ಲ. ಪಂಚಾಯಿತಿಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿ ಸಂವಿಧಾನಕ್ಕೇ ಸೇರಿ 1993ರಿಂದ ಇದೆ. ಆ ಸರಪಂಚ ಕೇರಿಯ ಹೆಂಗಸೇ ಆಗಿರಬಹುದಿತ್ತು, ಆಕೆ ಕೂರುವ ಕುರ್ಚಿಯನ್ನೇ ಆ ಊರವರು ತೊಳೆಸಿರಬಹುದಿತ್ತು. ಪ್ರಶ್ನೆ ಬರೆದವರ ಕನಸಿನಲ್ಲೂ ಅದು ಸುಳಿದಿಲ್ಲ. ನಾವು ಮೂರು ಗಂಟೆ ಕಾಲ ನಮ್ಮ ಚರ್ಮ ಬಿಚ್ಚಿಟ್ಟು, ಅವರ ಚರ್ಮ ತೊಟ್ಟುಕೊಂಡು, ಅಲ್ಲಿಂದ ನಮ್ಮನ್ನೇ ನೋಡಿ ಮರುಗಬೇಕು. ಚೆನ್ನಾಗಿ ಮರುಗಿದವನಿಗೆ ಅಂಕ.

ನಾನು ಹಾಗೆ ಬರೆಯಲಿಲ್ಲ. ತರಬೇತಿ ಸಂಸ್ಥೆಯೊಂದರ ಅಣಕು ಪರೀಕ್ಷೆಯಲ್ಲಿ ಮೊದಲ ಸಾಲಿನಲ್ಲೇ ಕಾನೂನಿನ ಕಲಂ ಬರೆದು, ಲಾಭನಷ್ಟದ ಕಲಮು ಖಾಲಿ ಬಿಟ್ಟೆ. ಇಪ್ಪತ್ತಕ್ಕೆ ನಾಲ್ಕು. ಪಕ್ಕದಲ್ಲಿ ಕೆಂಪು ಶಾಯಿ: 'ಭಾವಾವೇಶ ಬೇಡ. ಸಮತೋಲನ ಇರಲಿ.' ಕಲಂ ನಂಬರು ಭಾವಾವೇಶವಂತೆ, ಸ್ವಾಮೀಜಿಯನ್ನು ಕರೆಸುವುದು ಸಮತೋಲನವಂತೆ!

ಆ 'ನೀನು' ಎಂಥವನು ಅನ್ನುವುದಕ್ಕೆ ಇನ್ನೊಂದು ಪುರಾವೆ ಕೊಡುತ್ತೇನೆ. 2011ರಲ್ಲಿ ಪ್ರಿಲಿಮ್ಸ್‌ಗೆ ಸಿಸ್ಯಾಟ್ ಅಂತ ಹೊಸ ಪತ್ರಿಕೆ ಬಂತು. ಅದರಲ್ಲಿ ಸನ್ನಿವೇಶ ಕೊಟ್ಟು, ನಾಲ್ಕು ಆಯ್ಕೆ ಇಟ್ಟು, ನಿನ್ನ ತೀರ್ಮಾನ ಯಾವುದು ಅಂತ ಕೇಳುತ್ತಿದ್ದರು. ಬೇರೆ ಪ್ರಶ್ನೆಗಳಿಗೆ ತಪ್ಪು ಬರೆದರೆ ಅಂಕ ಕಡಿತ, ಇವಕ್ಕೆ ಕಡಿತವಿಲ್ಲ. ಆ ವರ್ಷದ ಒಂದು ಸನ್ನಿವೇಶ ಹೀಗಿತ್ತು. ನಿನ್ನ ಖಾಲಿ ನಿವೇಶನದಲ್ಲಿ ಊರಿನ ಪುಂಡನೊಬ್ಬ ಅಕ್ರಮವಾಗಿ ಕಟ್ಟಡ ಎಬ್ಬಿಸುತ್ತಿದ್ದಾನೆ. ಬಿಡು ಅಂದರೆ ಬಿಡುವುದಿಲ್ಲ, ಕಡಿಮೆ ಬೆಲೆಗೆ ನನಗೇ ಮಾರು, ಇಲ್ಲದಿದ್ದರೆ ನೋಡ್ಕೋ ಅನ್ನುತ್ತಾನೆ. ಮಾರಿಬಿಡುತ್ತೀಯೋ, ಪೊಲೀಸರ ಹತ್ತಿರ ಹೋಗುತ್ತೀಯೋ, ನೆರೆಯವರ ನೆರವು ಕೇಳುತ್ತೀಯೋ, ಪುಂಡನ ಜೊತೆ ಚೌಕಾಸಿ ಮಾಡುತ್ತೀಯೋ?

ನಿನ್ನ ಖಾಲಿ ನಿವೇಶನ! ಇಪ್ಪತ್ತೆರಡು ವರ್ಷದ ಹುಡುಗನಿಗೆ ಖಾಲಿ ಸೈಟು ಇದೆ ಅಂತ ಹಿಡಿದುಕೊಂಡೇ ಪ್ರಶ್ನೆ ಶುರುವಾಗುತ್ತದೆ. ಪೊಲೀಸು ಅನ್ನುವ ಉತ್ತರವನ್ನು ಕಣ್ಣುಮುಚ್ಚಿ ಬರೆಯಬಲ್ಲವನು, ಠಾಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವರ ಮಗ. ನಮ್ಮವರು ದೂರು ಹಿಡಿದು ಹೋದರೆ ಮೊದಲು ಬೆಳಗಿನಿಂದ ಸಂಜೆತನಕ ಹೊಂಗೆ ಮರದಡಿ ಕಾಯಬೇಕು, ಆಮೇಲೆ 'ರಾಜಿ ಮಾಡ್ಕೊಳ್ರಯ್ಯ, ಒಂದೇ ಊರವರು' ಅನ್ನಿಸಿಕೊಳ್ಳಬೇಕು, ಹಠ ಹಿಡಿದರೆ ಎದುರಾಳಿ ಕೊಟ್ಟ ಪ್ರತಿದೂರಿನಲ್ಲಿ ತಾವೇ ಆರೋಪಿಗಳಾಗಬೇಕು. ತಪ್ಪು ಉತ್ತರಕ್ಕೆ ಕಡಿತವಿಲ್ಲ ಅನ್ನುವುದು ಪ್ರಶ್ನೆಪತ್ರಿಕೆಯ ಮಾತು. ಊರಲ್ಲಿ ಕಡಿತ ಉಂಟು, ಸರಿಯುತ್ತರಕ್ಕೂ ಉಂಟು. ಸಿಸ್ಯಾಟ್ ವಿರುದ್ಧ ದೆಹಲಿಯ ಬೀದಿಗಳಲ್ಲಿ 2014ರಲ್ಲಿ ಹುಡುಗರು ಲಾಠಿ ತಿಂದ ಮೇಲೆ, 2015ರಿಂದ ಅದು ಶೇ. 33 ಅಂಕ ತೆಗೆದರೆ ಸಾಕು ಅನ್ನುವ ಅರ್ಹತಾ ಪತ್ರಿಕೆಯಾಯಿತು. ಸನ್ನಿವೇಶದ ಪ್ರಶ್ನೆಗಳೂ ಮರೆಯಾದವು. ಆದರೆ ಸೈಟಿನ ಒಡೆಯ ಸಾಯಲಿಲ್ಲ. ಅವನು ನೀತಿಯ ಪತ್ರಿಕೆಗೆ ವರ್ಗವಾಗಿದ್ದಾನೆ.

ಆ ಪತ್ರಿಕೆಯ ಪಠ್ಯಕ್ರಮವನ್ನು ಒಮ್ಮೆ ಓದಿ. ನಾಗರಿಕ ಸೇವೆಗೆ ಬೇಕಾದ ಬುನಾದಿ ಮೌಲ್ಯಗಳ ಸಾಲಿನಲ್ಲಿ ದುರ್ಬಲ ವರ್ಗಗಳ ಬಗ್ಗೆ ಅನುಭೂತಿ, ಸಹನೆ, ಕರುಣೆ ಅಂತ ಇದೆ. ಸಹನೆ! ಯಾರು ಯಾರನ್ನು ಸಹಿಸಬೇಕು? ನಾವೇನು ಬಾಗಿಲಿಗೆ ಬಂದ ನೆಂಟರೇ, ಸೊಳ್ಳೆಗಳೇ, ಹಲ್ಲುನೋವೇ? ಇಷ್ಟು ಶತಮಾನ ಸಹಿಸಿದವರು ಯಾರು ಅಂತ ಈ ದೇಶದ ಯಾವ ಬಾವಿಯನ್ನು ಕೇಳಿದರೂ ಹೇಳುತ್ತದೆ. ಇನ್ನು ಕರುಣೆ. ಕರುಣೆ ಮೇಲಿನಿಂದ ಕೆಳಕ್ಕೆ ಸುರಿಯುವ ವಸ್ತು. ದೂರ ನಿಂತು, ಬೊಗಸೆ ಒಡ್ಡಿದವನಿಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದರಲ್ಲ, ಅದೂ ಕರುಣೆಯೇ. ಸಂವಿಧಾನದ 17ನೇ ವಿಧಿಯಲ್ಲಿ ಕರುಣೆ ಎಂಬ ಪದವಿಲ್ಲ. ಅಸ್ಪೃಶ್ಯತೆ ರದ್ದಾಗಿದೆ, ಆಚರಿಸಿದವನಿಗೆ ಶಿಕ್ಷೆ, ಅಷ್ಟೇ ಇರುವುದು.

ಈಗ ಬಿಸಿಯೂಟದ ಪ್ರಶ್ನೆಗೆ ಮತ್ತೆ ಬನ್ನಿ. ಪ್ರಶ್ನೆ ಅದನ್ನು 'ಸಂಘರ್ಷ' ಅನ್ನುತ್ತದೆ. ಸಂಘರ್ಷ ಅಂದರೆ ಎರಡು ಕಡೆಯವರೂ ತೊಡೆ ತಟ್ಟಿರಬೇಕು. ಆಕೆ ಯಾರ ಮೇಲೆ ತೊಡೆ ತಟ್ಟಿದಳು? ಅಕ್ಕಿ ತೊಳೆದಳು, ಬೇಳೆ ಬೇಯಿಸಿದಳು, ಒಗ್ಗರಣೆ ಹಾಕಿದಳು. ಇದು ಸಂಘರ್ಷವಲ್ಲ, ಅಪರಾಧ. ಪ್ರಶ್ನೆ ಮುಚ್ಚಿಟ್ಟ ಇನ್ನೊಂದು ಸಂಗತಿ ಇದೆ. ಬೇಯಿಸಿದ ಊಟವನ್ನೇ ಕೊಡಿ ಅಂತ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಆಜ್ಞೆ ಮಾಡಿದ್ದು 2001ರ ನವೆಂಬರ್ 28ರಂದು. ಅದೇ ಮೊಕದ್ದಮೆಯಲ್ಲಿ 2004ರ ಏಪ್ರಿಲ್ 20ರಂದು, ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕು ಅಂತಲೂ ಹೇಳಿತು. ಅಂದರೆ ಆಕೆ ಹೆಡ್‌ಮಾಸ್ಟರನ ಔದಾರ್ಯದಿಂದ ಬಂದವಳಲ್ಲ. ದೇಶದ ಅತಿ ದೊಡ್ಡ ನ್ಯಾಯಾಲಯದ ಆಜ್ಞೆ ಆ ಒಲೆ ಮುಂದೆ ಕೂತಿದೆ. ಆಕೆಗೆ ಕೊಡುವುದಕ್ಕೆ ಸಂಬಳ ಅಂತಲೂ ಹೆಸರಿಲ್ಲ, ಗೌರವಧನ. ಕೇಂದ್ರದ ಲೆಕ್ಕದಲ್ಲಿ ಅದು 2009ರಲ್ಲಿ ಗೊತ್ತುಮಾಡಿದ ತಿಂಗಳಿಗೆ 1,000 ರೂಪಾಯಿ, ಅದರ ಮೇಲೆ ರಾಜ್ಯಗಳು ತಮ್ಮ ಕೈಲಾದಷ್ಟು ಸೇರಿಸುತ್ತವೆ. ಗೌರವದ ಬೆಲೆ ಅಷ್ಟು, ಅದನ್ನೂ ಕೊಡಬಾರದು ಅನ್ನುವವರ ಮನ ಒಲಿಸಲು ನಮ್ಮಿಂದ ಪ್ರಬಂಧ.

ಯಾರ ಮಗುವಿನ ಬಾಯಿಗೂ ಬಲವಂತವಾಗಿ ತುತ್ತು ತುರುಕಲಾಗದು, ಒಪ್ಪಿದೆ. ಮಕ್ಕಳ ಮೇಲೆ ನಮಗೆ ಸಿಟ್ಟೂ ಇಲ್ಲ. ಆದರೆ ಊರು ಕೂಡಿ, ಆಕೆಯನ್ನು ತೆಗೆಯುವತನಕ ಮಕ್ಕಳನ್ನು ಕಳಿಸುವುದಿಲ್ಲ ಅಂತ ಕಟ್ಟು ಮಾಡುವುದು ಬಹಿಷ್ಕಾರ. ಬಹಿಷ್ಕಾರವನ್ನು 1955ರ ಕಾಯ್ದೆಯೇ ಅಪರಾಧ ಅಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಹೆಸರಿಟ್ಟು ಸೇರಿಸಿದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದೇ 1989ರ ಕಾಯ್ದೆಯ 4ನೇ ಕಲಂ ಇನ್ನೂ ಸ್ವಾರಸ್ಯ. ಈ ಕಾಯ್ದೆಯಡಿ ತನ್ನ ಕರ್ತವ್ಯವನ್ನು ಬೇಕೆಂದೇ ಮಾಡದ, ಪರಿಶಿಷ್ಟ ಜಾತಿ ಪಂಗಡಕ್ಕೆ ಸೇರದ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷದ ಜೈಲು. ನೀತಿಯ ಪತ್ರಿಕೆಗೆ ಓದಿಸುವ ದಪ್ಪದಪ್ಪ ಪುಸ್ತಕಗಳಲ್ಲಿ ಕಾಂಟ್ ಇದ್ದಾನೆ, ಅರಿಸ್ಟಾಟಲ್ ಇದ್ದಾನೆ, ಗಾಂಧಿಯ ಏಳು ಪಾಪಗಳಿವೆ. ಈ 4ನೇ ಕಲಂ ಎಷ್ಟು ಪುಟದಲ್ಲಿದೆ ಅಂತ ಹುಡುಕಿ ನೋಡಿ.

ಸಾಮ, ದಾನ, ಭೇದ, ದಂಡ ಅಂತ ಹೇಳುತ್ತಾರೆ. ಮಾದರಿ ಉತ್ತರದ ಅಚ್ಚು ಅದೇ, ಮೇಲ್ಜಾತಿಯವರ ಮಟ್ಟಿಗೆ ಸಾಮದಿಂದ ಶುರು, ದಂಡ ಕಟ್ಟಕಡೆಗೆ. ಕೇರಿಯ ಮಟ್ಟಿಗೆ ಊರು ಯಾವತ್ತೂ ದಂಡದಿಂದಲೇ ಶುರುಮಾಡಿದೆ. ಹೋಟೆಲಿಗೆ ಬಂದೆಯಾ, ದಂಡ. ಹಬ್ಬದಲ್ಲಿ ತಮಟೆ ಬಡಿಯಲ್ಲ ಅಂದೆಯಾ, ಕೂಲಿ ಬಂದ್, ಕಿರಾಣಿ ಬಂದ್. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ಗುಡಿಸಲುಗಳಿಗೆ ಬೆಂಕಿ ಇಟ್ಟವರು ಮೊದಲು ಮನ ಒಲಿಸುವ ಸಭೆ ಕರೆದಿದ್ದರೇ?

ಉತ್ತರಾಖಂಡದ ಚಂಪಾವತ್ ಜಿಲ್ಲೆಯ ಸುಖೀಢಾಂಗ್‌ನಲ್ಲಿ ಈ ಪ್ರಶ್ನೆ 2021ರ ಡಿಸೆಂಬರಿನಲ್ಲಿ ಜೀವಂತವಾಗಿ ಎದ್ದು ನಿಂತಿತು. ದಲಿತ ಹೆಂಗಸು ಅಡುಗೆಗೆ ಬಂದರು, ಮೇಲ್ಜಾತಿಯ ಮಕ್ಕಳು ಊಟ ಬಿಟ್ಟರು. ಅಧಿಕಾರಿಗಳು ಏನು ಮಾಡಿದರು ಗೊತ್ತೇ? ನೇಮಕದ ಕ್ರಮ ಸರಿಯಿಲ್ಲ ಅಂತ ಆಕೆಯನ್ನೇ ತೆಗೆದರು. ಅವರೂ ಪರೀಕ್ಷೆ ಪಾಸು ಮಾಡಿದವರೇ, ಲಾಭದ ಕಲಮನ್ನು ಚೆನ್ನಾಗಿ ಓದಿಕೊಂಡಿದ್ದರು. ಆಗ ದಲಿತ ಮಕ್ಕಳು ಒಂದು ಕೆಲಸ ಮಾಡಿದರು. ಆಕೆಯ ಜಾಗಕ್ಕೆ ಬಂದ ಮೇಲ್ಜಾತಿಯ ಹೆಂಗಸಿನ ಕೈಯ ಊಟ ನಮಗೂ ಬೇಡ ಅಂದುಬಿಟ್ಟರು. ಯಾವ ಮಾದರಿ ಉತ್ತರದಲ್ಲೂ ಈ ದಾರಿ ಇರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಆಕೆಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕಾಯಿತು. ಹಸಿದ ಮಕ್ಕಳು, ತಟ್ಟೆ ದೂರ ತಳ್ಳಿ, ಇಡೀ ಆಡಳಿತಕ್ಕೆ ನೀತಿ ಪಾಠ ಹೇಳಿದವು. ಅವಕ್ಕೆ ಇಪ್ಪತ್ತಕ್ಕೆ ಎಷ್ಟು ಕೊಡುತ್ತೀರಿ?

ಸನ್ನಿವೇಶಗಳೇ ಬೇಕಿದ್ದರೆ ನಮ್ಮಲ್ಲಿ ಬರವಿಲ್ಲ. ಒಂದು ಕೊಡುತ್ತೇನೆ. 1917. ನೀನು ಅಮೆರಿಕದಲ್ಲೂ ಲಂಡನ್ನಿನಲ್ಲೂ ಓದಿ ಬಂದು ಬರೋಡ ಸಂಸ್ಥಾನದ ಅಧಿಕಾರಿಯಾಗಿದ್ದೀಯ. ಜವಾನ ಫೈಲನ್ನು ಮೇಜಿನ ಮೇಲೆ ದೂರದಿಂದ ಎಸೆಯುತ್ತಾನೆ. ಊರಲ್ಲಿ ಬಾಡಿಗೆಗೆ ಮನೆ ಕೊಡುವವರಿಲ್ಲ. ತಂಗಿದ್ದ ಪಾರ್ಸಿ ಛತ್ರಕ್ಕೆ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಖಾಲಿ ಮಾಡು ಅನ್ನುತ್ತದೆ. ನೀನು ಕಾಮಾಠಿ ಬಾಗಿನ ಮರದ ಕೆಳಗೆ ಕೂತು ರಾತ್ರಿಯ ರೈಲಿಗೆ ಕಾಯುತ್ತಿದ್ದೀಯ. ಈಗ ಹೇಳು, ನಿನ್ನ ಭಾವನಾತ್ಮಕ ಬುದ್ಧಿವಂತಿಕೆಯನ್ನು ಹೇಗೆ ಪ್ರದರ್ಶಿಸುತ್ತೀಯ? ಆ ಮರದ ಕೆಳಗೆ ಕೂತಿದ್ದವರ ಪಟ ತರಬೇತಿ ಸಂಸ್ಥೆಗಳ ಗೋಡೆಗಳಲ್ಲಿದೆ, ಉತ್ತರದ ಕಡೆಯ ಸಾಲಿಗೆ ಅಲಂಕಾರಕ್ಕೆ ಅವರದೊಂದು ಮಾತು ಹಾಕಿ ಅಂತ ಕಲಿಸುತ್ತಾರೆ. ಮೊದಲ ಸಾಲಿಗೆ ಹಾಕಿದರೆ ಭಾವಾವೇಶ.

ಭಾಷೆಯ ಮಾತನ್ನೂ ಆಡಿಬಿಡುತ್ತೇನೆ, ಚಿಕ್ಕದಾಗಿ. ಕೇಂದ್ರದ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರ ಬರೆಯಬಹುದು, ಆದರೆ ಪ್ರಶ್ನೆ ಬರುವುದು ಇಂಗ್ಲಿಷು ಹಿಂದಿಗಳಲ್ಲಿ ಮಾತ್ರ. ರಾಜ್ಯದ ಪರೀಕ್ಷೆಯಲ್ಲಿ ಕನ್ನಡ ಇದೆ, ಆದರೆ ಅದು ಅನುವಾದದ ಕನ್ನಡ. 2024ರ ಆಗಸ್ಟ್ 27ರ ಕೆ.ಎ.ಎಸ್. ಪೂರ್ವಭಾವಿ ಪರೀಕ್ಷೆಯ ಕನ್ನಡ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರವೇ ಮರುಪರೀಕ್ಷೆಗೆ ಆದೇಶ ಮಾಡಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ರೋಗ. ಸನ್ನಿವೇಶದ ಪ್ರಶ್ನೆಯಲ್ಲಿ ಒಂದು ಪದ ತಪ್ಪಿದರೆ ಸನ್ನಿವೇಶವೇ ಬೇರೆ. ಕೇರಿಯ ಹುಡುಗ ಮೊದಲು ಕೆಟ್ಟ ಕನ್ನಡದ ಹಿಂದಿರುವ ಇಂಗ್ಲಿಷನ್ನು ಊಹಿಸಬೇಕು, ಆಮೇಲೆ ಇಂಗ್ಲಿಷಿನ ಹಿಂದಿರುವ ಜಾತಿಯನ್ನು.

ಗೆಳೆಯರು ಹೇಳುತ್ತಾರೆ, ನಿನಗ್ಯಾಕಯ್ಯಾ ಈ ಉಸಾಬರಿ, ಅವರು ಕೇಳಿದ್ದನ್ನು ಬರೆದು ಬಿಸಾಕು, ಮೊದಲು ಒಳಗೆ ಹೋಗು, ಕುರ್ಚಿ ಹಿಡಿ, ಆಮೇಲೆ ಮಾಡು ಬಂಡಾಯ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಮನೆಯಲ್ಲಿ ಮೊದಲು ಡಿಗ್ರಿ ಕಂಡವನ ಮೇಲೆ ಎಷ್ಟು ಹೊಟ್ಟೆಗಳ ಕಣ್ಣಿರುತ್ತದೆ ಅಂತ ನನಗೂ ಗೊತ್ತು. ಆದರೆ ಮೂರು ನಾಲ್ಕು ವರ್ಷ ದಿನಕ್ಕೊಂದರಂತೆ ಲಾಭದ ಕಲಮು ತುಂಬಿದ ಕೈ, ಕುರ್ಚಿ ಸಿಕ್ಕ ಮೇಲೆ ಫೈಲಿನ ಮೇಲೆ ಬೇರೇನು ಬರೆದೀತು? ಅಭ್ಯಾಸ ಅನ್ನುವುದು ಬೆರಳಿಗೆ ಹತ್ತುವಂಥದು. ನೀತಿಯ ಪತ್ರಿಕೆಯ ಉದ್ದೇಶವೂ ಅದೇ ಇದ್ದೀತು, ನಮ್ಮನ್ನು ಹೊರಗಿಡುವುದಕ್ಕಿಂತ ಒಳಗೆ ಬರುವ ಹೊತ್ತಿಗೆ ನಾವು ನಾವಾಗಿ ಉಳಿಯದಂತೆ ನೋಡಿಕೊಳ್ಳುವುದು. ನಾನು ಪರೀಕ್ಷೆಗೆ ಕೂರುತ್ತೇನೆ. ಕಾನೂನನ್ನು ಮೊದಲ ಸಾಲಿಗೇ ಬರೆಯುತ್ತೇನೆ. ಆಕೆಯ ಹೆಸರನ್ನು ಪಟ್ಟಿಯ ತಲೆಗೆ ಹಾಕುತ್ತೇನೆ. ಆಕೆಯನ್ನು ತೆಗೆಯುವುದರ ಲಾಭ ಬರೆಯುವ ಕಲಮಿನಲ್ಲಿ 'ಇಲ್ಲ' ಅಂತ ಬರೆಯುತ್ತೇನೆ. ನಾಲ್ಕು ಕೊಡುವವರು ಕೊಡಲಿ. ಹತ್ತು ಸಾವಿರ ಜನ ಹೀಗೆ ಬರೆದರೆ ಎಷ್ಟು ಜನಕ್ಕೆ ನಾಲ್ಕು ಕೊಡುತ್ತಾರೆ ನೋಡೋಣ.

ಕೆ.ಪಿ.ಎಸ್.ಸಿ.ಗೆ ನಮ್ಮ ನೆಲದ ಪ್ರಶ್ನೆ ಬೇಕಿದ್ದರೆ ಉಪವಿಭಾಗಾಧಿಕಾರಿಯ ಕೋರ್ಟಿಗೆ ಬರಲಿ. ಈ ಪರೀಕ್ಷೆ ಪಾಸಾದವರು ಹೋಗಿ ಕೂರುವುದು ಅಲ್ಲೇ ತಾನೆ. 1978ರ ಪಿ.ಟಿ.ಸಿ.ಎಲ್. ಕಾಯ್ದೆ, ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಕೊಂಡರೆ ಆ ಕ್ರಯ ಅಸಿಂಧು, ಜಮೀನು ವಾಪಸು ಅನ್ನುತ್ತದೆ. ಅರ್ಜಿ ಹಾಕುವುದು ಎ.ಸಿ.ಯ ಮುಂದೆ. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ, ಇಪ್ಪತ್ತು ಚಿಲ್ಲರೆ ವರ್ಷ ತಡೆದು ಬಂದ ಅರ್ಜಿ ಸಲ್ಲದು, ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ಆಮೇಲೆ ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ಅದೇ ಕಾರಣಕ್ಕೆ ವಜಾ ಆದವು. ನಮ್ಮವರು ಬೀದಿಗೆ ಬಿದ್ದು ಧರಣಿ ಕೂತ ಮೇಲೆ 2023ರಲ್ಲಿ, ಕಾಲಮಿತಿ ಇಲ್ಲ ಅಂತ ಕಾಯ್ದೆಗೆ ತಿದ್ದುಪಡಿಯಾಯಿತು. ಅದಕ್ಕೂ ಕೋರ್ಟುಗಳಲ್ಲಿ ತಕರಾರು ಬಂದಿದೆ. ಹೆಬ್ಬೆಟ್ಟು ಒತ್ತಿದ ತಾತ ಸತ್ತಿದ್ದಾನೆ, ಕಾಗದ ಓದಬಲ್ಲ ಮೊಮ್ಮಗ ಹೊರಗೆ ವರಾಂಡದಲ್ಲಿ ನಿಂತಿದ್ದಾನೆ, ಜಮೀನಿನಲ್ಲಿ ಕಾಂಪೌಂಡು ಎದ್ದಿದೆ, ಕೊಂಡವನ ಫೋನು ಶಾಸಕರಿಂದ ಮಾಡಿಸಿದ್ದು. ನೀನು ಎ.ಸಿ. ಈಗ ಬರೆಯಪ್ಪ.

ಇಂಥ ಸನ್ನಿವೇಶಗಳನ್ನು ಒಂದು ಪುಸ್ತಕ ಮಾಡಬೇಕು ಅಂತ ನಾವು ನಾಲ್ಕೈದು ಜನ ಕೂತಿದ್ದೇವೆ. ಬಿಸಿಯೂಟದ್ದು, ಠಾಣೆಯದು, ಸ್ಮಶಾನದ ದಾರಿಯದು, ಹಾಸ್ಟೆಲಿನದು. ನಿಮ್ಮ ತಾಲ್ಲೂಕಿನ ಎ.ಸಿ. ಕೋರ್ಟಿನಲ್ಲಿ ತಡವಾಯಿತೆಂದು ವಜಾ ಆದ ಅರ್ಜಿಯ ಆದೇಶ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ, ಜೆರಾಕ್ಸ್ ಮಾಡಿಸಿ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಹೆಸರು, ಸರ್ವೆ ನಂಬರು ನಾವು ಅಳಿಸುತ್ತೇವೆ. ಆದೇಶದ ಕಡೆಯ ಪುಟ ಮಾತ್ರ ತಪ್ಪದೆ ಇರಲಿ, ಸಾಹೇಬರು ಕಾರಣ ಬರೆದಿರುವುದು ಅಲ್ಲೇ.